ಪಡುವಣಕ್ಕೆ ಹೂ ಬಿಡುವ ಕಳ್ಳಿ

ಆ ಊರಿನಲ್ಲಿ ನ್ಯಾಯ ಹೇಳುವುದಕ್ಕೆ ಮನುಷ್ಯರಿರಲಿಲ್ಲ. ಒಂದು ಕಳ್ಳಿ ಇತ್ತು.

ಊರ ನಡುವೆ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಮಣ್ಣಿನ ಕುಂಡ. ಕುಂಡದಲ್ಲಿ ಆಳೆತ್ತರಕ್ಕೆ ಕಂಬದಂತೆ ನೆಟ್ಟಗೆ ನಿಂತ ನೀಲಿ ಬಣ್ಣದ ಕಳ್ಳಿ. ಕೊಂಬೆಯಿಲ್ಲ, ಎಲೆಯಿಲ್ಲ, ಮೈತುಂಬ ಹಳದಿ ಮುಳ್ಳು. ಪಡುವಣದ ಮಗ್ಗುಲಲ್ಲಿ ಮಾತ್ರ ನೆತ್ತಿಯಿಂದ ಎದೆಯವರೆಗೆ ಬಿಳಿ ಉಣ್ಣೆ ಬೆಳೆದು ಇಳಿಬಿದ್ದಿತ್ತು. ದೂರದಿಂದ ನೋಡಿದವರಿಗೆ ಗಡ್ಡ ಬಿಟ್ಟ ಮುದುಕನೊಬ್ಬ ಮುಳುಗುವ ಹೊತ್ತನ್ನು ನೋಡುತ್ತಾ ನಿಂತಂತೆ ಕಾಣುತ್ತಿತ್ತು. ಇದು ಸಮುದ್ರದಾಚೆಯ ಬ್ರೆಜಿಲ್ ಎಂಬ ನಾಡಿನ ಗಿಡವೆಂದೂ, ನಮಗೆ ಬೇಸಿಗೆಯಾದಾಗ ಅಲ್ಲಿ ಚಳಿಯೆಂದೂ, ಇಲ್ಲಿಗೆ ಬಂದಮೇಲೆ ಪಾಪ ಅದು ತನ್ನ ಪಂಚಾಂಗವನ್ನೇ ತಿರುವಿಹಾಕಿಕೊಂಡು ಇಲ್ಲಿನ ಚಳಿಗೆ ಹೂ ಬಿಡಲು ಕಲಿಯಿತೆಂದೂ ಹಿರಿಯರು ಹೇಳುತ್ತಿದ್ದರು. ನೆಲದಲ್ಲಿ ನೆಟ್ಟರೆ ಊರಿನ ಜಿಗುಟು ಮಣ್ಣಿಗೆ ಬೇರು ಕೊಳೆಯುತ್ತಿತ್ತು, ಅದಕ್ಕೇ ಕುಂಡ. ಪರದೇಶದಿಂದ ಬಂದದ್ದು, ಊರಿನಲ್ಲಿ ಯಾರಿಗೂ ನೆಂಟನಲ್ಲ, ಯಾರ ಮನೆಯಲ್ಲೂ ಉಂಡಿದ್ದಿಲ್ಲ. ನ್ಯಾಯಕ್ಕೆ ಇದಕ್ಕಿಂತ ಯೋಗ್ಯರು ಯಾರಿದ್ದಾರೆ ಎಂದು ಹಿಂದಿನವರು ಅದನ್ನೇ ಕಟ್ಟೆಗೆ ಏರಿಸಿದ್ದರು.

ಕಟ್ಟಳೆ ಸರಳವಾಗಿತ್ತು. ವರ್ಷವಿಡೀ ಎದ್ದ ಜಗಳಗಳೆಲ್ಲ ಚಳಿಗಾಲದವರೆಗೆ ಕಾಯಬೇಕು. ದೂರು ಕೊಟ್ಟವರು ಕುಂಡದ ಪಡುವಣಕ್ಕೆ ನಿಲ್ಲಬೇಕು, ದೂರು ಹೊತ್ತವರು ಮೂಡಣಕ್ಕೆ. ಒಬ್ಬರು ಕೊಟ್ಟಮೇಲೆ ಇನ್ನೊಬ್ಬರ ಎದುರು ದೂರಿಗೆ ಬೆಲೆಯಿಲ್ಲ. ಹೂವು ಯಾರ ಕಡೆಗೆ ಬಾಯಿ ತೆರೆಯುತ್ತದೋ ಅವರದೇ ಸತ್ಯ. ತೀರ್ಪಾದ ಕೂಡಲೇ ನೆರೆದವರೆಲ್ಲ ಒಂದೇ ಕೊರಳಲ್ಲಿ, "ನಾವು ಹೇಳಲಿಲ್ಲ, ಹೂವು ಹೇಳಿತು" ಎಂದು ಮೂರು ಸಲ ಹೇಳಿ, ಬೆಲ್ಲ ಹಂಚಿಕೊಂಡು ಮನೆಗೆ ಹೋಗುತ್ತಿದ್ದರು.

ಇಂಥ ಊರಿನ ಜನ ಸಾಧುಗಳಾಗಿರಬೇಕೆಂದು ನೀವು ಅಂದುಕೊಂಡರೆ ಆ ಊರಿನ ಬೀದಿಯಲ್ಲಿ ಬೆಳಗಿನ ಹೊತ್ತು ಒಮ್ಮೆ ನಿಲ್ಲಬೇಕಾಗಿತ್ತು. ಎಲ್ಲರೂ ಓಡುತ್ತಿದ್ದರು. ಓಡುವುದು ಕಟ್ಟೆಯ ಕಡೆಗೆ, ಮೊದಲು ದೂರು ಕೊಡುವುದಕ್ಕೆ. ತಪ್ಪು ನಡೆದ ಮೇಲೆ ದೂರು ಕೊಡುವವನನ್ನು ಊರು ಸೋಮಾರಿ ಎನ್ನುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಅಲ್ಲಿ ಕುಲಾವಿಗೂ ಮುಂಚೆ ದೂರು. ಮದುವೆಯಾಗಿ ಬಂದ ಸೊಸೆ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬರದೆ ಹಾಗೇ ತಿರುಗಿ ಕಟ್ಟೆಗೆ ಓಡುತ್ತಿದ್ದಳು. ಅಷ್ಟರಲ್ಲಿ ಅತ್ತೆ ಹಿತ್ತಿಲ ಬಾಗಿಲಿಂದ ಹೋಗಿ ದೂರು ಕೊಟ್ಟು ವಾಪಸು ಬಂದಿರುತ್ತಿದ್ದಳು. ಒಬ್ಬನಂತೂ, ಎದುರು ಮನೆಯವನ ಆಡು ತನ್ನ ಅವರೆ ಚಪ್ಪರ ಮೇಯುತ್ತದೆ ಎಂದು ದೂರು ಕೊಟ್ಟ. ಎದುರು ಮನೆಯವನಿಗೆ ಆಡೇ ಇರಲಿಲ್ಲ. ಚಳಿಗಾಲದಲ್ಲಿ ಹೂವು ಅವನ ವಿರುದ್ಧ ಬಿಟ್ಟಿತು. ಹೇಗೂ ದಂಡ ತೆತ್ತಾಯಿತಲ್ಲ ಎಂದು ಅವನು ಮಾರನೇ ವಾರ ಸಂತೆಯಿಂದ ಒಂದು ಆಡು ಹಿಡಿದು ತಂದ.

ಕಳ್ಳಿಯನ್ನು ಸಾಕುತ್ತಿದ್ದವಳನ್ನು ಊರು ಕುಂಡದಮ್ಮ ಎಂದು ಕರೆಯುತ್ತಿತ್ತು. ಮಾತಿನಲ್ಲಿ ಕಳ್ಳಿಗಿಂತ ಚುರುಕು, ಕೈಯಲ್ಲಿ ಬಲು ಮೃದು. ದಿನಾ ಬೆಳಿಗ್ಗೆ ಬಂದು ಬೆರಳ ಗೆಣ್ಣಿನಿಂದ ಕುಂಡವನ್ನು ತಟ್ಟುವಳು. ಟಣ್ ಎಂದರೆ ಮಣ್ಣು ಒಣಗಿದೆ, ನೀರು ಹಾಕುವಳು. ಡುಬ್ ಎಂದರೆ ಇನ್ನೂ ತೇವವಿದೆ, ಸುಮ್ಮನೆ ಹೋಗುವಳು. ಬೇರೆ ಕಳ್ಳಿಗಳಿಗೆ ಚಳಿಗಾಲದಲ್ಲಿ ಹನಿ ನೀರೂ ತೋರಿಸಬಾರದು. ಇದು ಹಾಗಲ್ಲ, ಮೊಗ್ಗು ಹೊತ್ತಾಗ ಬಾಣಂತಿಗೆ ಕೊಟ್ಟ ಹಾಗೆ ಉಗುರುಬೆಚ್ಚನೆಯ ನೀರು ಇಷ್ಟಿಷ್ಟೇ ಕೊಡಬೇಕು. ತಪ್ಪಿದರೆ ಮೊಗ್ಗು ಮುರುಟುತ್ತದೆ. ಸಂಜೆ ಮಂಜು ಇಳಿಯುವ ಮುಂಚೆ ಗೋಣಿತಾಟು ಹೊದಿಸಬೇಕು, ಬಿಸಿಲೇರಿದಾಗ ತೆಗೆಯಬೇಕು. ಒಮ್ಮೆ ಊರಿನವರು ನ್ಯಾಯಾಧೀಶರ ಘನತೆಗೆ ತಕ್ಕಂತೆ ದೊಡ್ಡದೊಂದು ಕುಂಡ ಮಾಡಿಸಿ ಹೊತ್ತುಕೊಂಡು ಬಂದರು. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು.

"ತಗೊಂಡು ಹೋಗ್ರಪ್ಪಾ. ಇಕ್ಕಟ್ಟಿದ್ರೇ ಇದು ಹೂ ಬಿಡೋದು. ದೊಡ್ಡ ಕುಂಡದಲ್ಲಿ ಕೂರ್ಸಿದ್ರೆ ಮೈ ಕೊಬ್ಬುತ್ತೆ, ಬೇರು ಕೊಳೆಯುತ್ತೆ. ಮನುಷ್ಯರಿಗೆ ಆಗೋದೇ ಇದಕ್ಕೂ ಆಗುತ್ತೆ."

ಈ ಕೆಲಸಕ್ಕೆ ಸೇರಿದ ದಿನ ಅವಳಿಂದ ಊರು ಒಂದೇ ಒಂದು ಆಣೆ ಮಾಡಿಸಿಕೊಂಡಿತ್ತು. ಕುಂಡವನ್ನು ನೂಲೆಳೆಯಷ್ಟೂ ತಿರುಗಿಸಬಾರದು. ಅವಳು ಅದನ್ನು ತಪ್ಪಿದವಳಲ್ಲ. ಆದರೆ ಅವಳ ಎದೆಯಲ್ಲಿ ಒಂದು ಗುಟ್ಟು ಕೆಂಡದಂತೆ ಕೂತಿತ್ತು. ಅವಳು ನೀರೆರೆದ ಇಷ್ಟು ವರ್ಷಗಳಲ್ಲಿ ಆ ಕಳ್ಳಿ ಮೂಡಣಕ್ಕೆ ಒಂದು ಹೂವನ್ನೂ ಬಿಟ್ಟಿರಲಿಲ್ಲ. ಹೂವು ಹುಟ್ಟುವುದು ಉಣ್ಣೆಯೊಳಗೆ, ಉಣ್ಣೆ ಬೆಳೆಯುವುದು ಪಡುವಣಕ್ಕೆ. ಬುದ್ಧನೇ ಬಂದು ಮೂಡಣದಲ್ಲಿ ನಿಂತರೂ ಸೋಲುತ್ತಿದ್ದ. ಇದು ತನಗೊಬ್ಬಳಿಗೇ ಗೊತ್ತೆಂದು ಅವಳು ತಿಳಿದಿದ್ದಳು. ಹೊರಗೆ ಬಿಟ್ಟರೆ ಊರಿಗೆ ಊರೇ ಕುಸಿದುಬಿಡುತ್ತದೆ ಎಂದು ಹೆದರಿ ಬಾಯಿ ಬಿಗಿಹಿಡಿದಿದ್ದಳು.

ಅವಳ ಗಂಡನ ಹೆಸರು ಊರಿಗೆ ಮರೆತೇಹೋಗಿತ್ತು. ಎಲ್ಲರೂ ನಿಧಾನಯ್ಯ ಎನ್ನುತ್ತಿದ್ದರು. ಅವನು ಒಂದು ತುತ್ತು ನುಂಗಿ ಇನ್ನೊಂದನ್ನು ಎತ್ತುವಷ್ಟರಲ್ಲಿ ಅವಳು ತನ್ನ ಎಲೆ ಎತ್ತಿ ನೆಲಕ್ಕೆ ಸಗಣಿ ಸಾರಿಸಿರುತ್ತಿದ್ದಳು. ಕೆಟ್ಟವನಲ್ಲ, ದಡ್ಡನೂ ಅಲ್ಲ. ಹುಟ್ಟಿದಾಗಿನಿಂದ ಒಬ್ಬರ ಮೇಲೂ ದೂರು ಕೊಟ್ಟವನಲ್ಲ, ಅದೇ ಅವನ ಐಬು. ಪಕ್ಕದ ಮನೆಯವನೋ, ಓಟದಲ್ಲಿ ಊರಿಗೇ ಮೊದಲಿಗ. ಒಂದು ಚಳಿಗಾಲ ನಿಧಾನಯ್ಯನ ಕರು ಅವನ ಕೊಟ್ಟಿಗೆ ಸೇರಿತು, ಇನ್ನೊಂದು ಚಳಿಗಾಲ ಅರ್ಧ ಹಿತ್ತಿಲು ಅವನ ಬೇಲಿಯೊಳಗೆ ಹೋಯಿತು, ಮತ್ತೊಂದು ಚಳಿಗಾಲ ನಿಧಾನಯ್ಯನ ಅಪ್ಪ ತೋಡಿದ ಬಾವಿ ಹೋಯಿತು. ಪಕ್ಕದವನಿಗೆ ಆ ಬಾವಿಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಹಲಗೆ ಮುಚ್ಚಿ ಬಿಟ್ಟ, ತಾನೂ ಸೇದಲಿಲ್ಲ, ಯಾರಿಗೂ ಸೇದಲು ಬಿಡಲಿಲ್ಲ. ಆ ಬಾವಿ ಗೆದ್ದ ಬೆಲ್ಲ ಬಾಯಲ್ಲಿರುವಾಗಲೇ ಮತ್ತೆ ಕಟ್ಟೆಗೆ ಓಡಿ ಕೂಗಿದ:

"ನಿಧಾನಯ್ಯ ನನ್ನ ಬಾವಿಗೆ ಕಲ್ಲು ತುಂಬುತ್ತಾನೆ!"

ಬಾವಿ ಮುಚ್ಚುವುದು ಆ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ಆ ದೂರಿನಲ್ಲಿ ಸೋತವರು, ಕೊಟ್ಟವರಾಗಲಿ ಹೊತ್ತವರಾಗಲಿ, ಹೊಳೆ ದಾಟಿ ಹೋಗಬೇಕು, ಮತ್ತೆ ಊರ ಕಡೆ ತಲೆ ಹಾಕಬಾರದು.

ಕುಂಡದಮ್ಮ ಮನೆಗೆ ಬಂದು ಗಂಡನ ಮುಂದೆ ಕೂತಳು.

"ರೀ, ಇನ್ನಾದ್ರೂ ಹೋಗಿ ಅವನ ಮೇಲೆ ಬೇರೆ ಏನಾದ್ರೂ ದೂರು ಕೊಡ್ರೀ."

"ಅವನೇನು ಮಾಡ್ದ?"

"ಇನ್ನೂ ಏನೂ ಮಾಡಿಲ್ಲ. ಅದಕ್ಕೇ ಈಗ್ಲೇ ಹೋಗಿ ಅಂತಿರೋದು."

ನಿಧಾನಯ್ಯ ಯೋಚಿಸಿದ. ಸೂರಿನ ಗಳ ಎಣಿಸುವವನಂತೆ ಮೇಲೆ ನೋಡಿದ. "ಮಾಡದೇ ಇರೋದನ್ನ ಮಾಡ್ದ ಅಂತ ಹೆಂಗೇ ಹೇಳೋದು?" ಅಂದ. ಅವಳು ಹಣೆ ಚಚ್ಚಿಕೊಂಡು ಎದ್ದಳು. ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಸಿಟ್ಟೂ ಬಂತು, ಇಂಥವನು ಊರಿಗೊಬ್ಬನೇ ಎಂದು ಹೆಮ್ಮೆಯೂ ಆಯಿತು.

ಮಳೆ ಮುಗಿದು ಬಿಸಿಲು ಬಿದ್ದ ಒಂದು ದಿನ ಪಕ್ಕದವನು ಹಲಗೆ ಸರಿಸಿ ನೋಡಿ ಲಬೋಲಬೋ ಎಂದು ಬಾಯಿ ಬಡಿದುಕೊಂಡ. ಬಾವಿಯ ಬಾಯಿವರೆಗೂ ಕಲ್ಲು. ಜನ ಸೇರಿತು. "ನೋಡಿ, ಹೇಳಿದ್ನೋ ಇಲ್ವೋ?" ಎಂದು ಅವನು ಒಬ್ಬೊಬ್ಬರನ್ನೂ ಕೈಹಿಡಿದು ಕರೆತಂದು ತೋರಿಸಿದ. ಅವನ ದುಃಖದಲ್ಲಿ ಸ್ವಲ್ಪ ಸಂತೋಷವೂ ಇದ್ದದ್ದನ್ನು ಕುಂಡದಮ್ಮ ನೋಡಿದಳು. ಅಷ್ಟು ಸಾಕಾಯಿತು ಅವಳಿಗೆ.

"ಅವನೇ ತುಂಬಿದಾನೆ," ಎಂದು ಒಲೆಯ ಮುಂದೆ ಕೂತು ಹೇಳಿದಳು. "ಹೇಳಿದ ಮಾತು ನಿಜ ಆಗ್ಲಿ ಅಂತ ಅವನೇ ಹೊತ್ತು ಹಾಕಿದಾನೆ. ಹೊಳೆ ದಾಟಿಸಿ ನಮ್ಮ ಮನೇನೂ ನುಂಗೋ ಹುನ್ನಾರ."

"ಅದು... ಹಂಗಲ್ಲ ಕಣೇ..." ಎಂದು ನಿಧಾನಯ್ಯ ಶುರುಮಾಡಿದ.

"ನೀವು ಸುಮ್ನಿರಿ. ನಿಮ್ಮ ಬಾಯಿಂದ ಮಾತು ಬರೋದ್ರೊಳಗೆ ಊರು ಉಂಡು ಮಲಗಿರುತ್ತೆ. ಇದನ್ನ ನಾನು ನೋಡ್ಕೋತೀನಿ."



ಚಳಿ ಬಂತು. ಉಣ್ಣೆಯೊಳಗೆ ಗುಲಗಂಜಿಯಷ್ಟು ಮೊಗ್ಗುಗಳು ಮೂಡಿದವು. ಪ್ರತಿ ವರ್ಷ ಅವನ್ನು ಕಂಡು ಕುಣಿಯುವಷ್ಟು ಸಂತೋಷಪಡುತ್ತಿದ್ದವಳು ಈ ಸಲ ಅಳುತ್ತಾ ನೀರು ಹಾಕಿದಳು. ಒಂದು ದಿನ ತಣ್ಣೀರು ಸುರಿದುಬಿಡೋಣ, ಮುರುಟಿಹೋಗಲಿ ಅನ್ನಿಸಿತು. ಚೊಂಬು ಎತ್ತಿದವಳಿಗೆ ಕೈಬರಲಿಲ್ಲ. ಗಂಡನನ್ನು ಕಳಿಸಬೇಕಾದೀತೆಂದು ಗಿಡವನ್ನು ಕೊಲ್ಲಲು ಅವಳಿಂದಾಗಲಿಲ್ಲ, ಗಿಡವನ್ನು ಸಾಕುತ್ತಲೇ ಗಂಡನನ್ನು ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಚೊಂಬು ಇಳಿಸಿ, ಒಲೆ ಹಚ್ಚಿ, ನೀರು ಬೆಚ್ಚಗೆ ಮಾಡಿಕೊಂಡು ಬಂದಳು.

ಹೂ ಬಿಟ್ಟಿತು. ಬಿಳಿ ಗಡ್ಡದ ತುಂಬ ಗುಲಾಬಿ ಬಣ್ಣದ ಸಣ್ಣ ಕೊಳವೆಗಳು, ಅವುಗಳ ಸುತ್ತ ಸೂರಕ್ಕಿಗಳ ಗಲಾಟೆ. ಊರು ಕಟ್ಟೆಯ ಮುಂದೆ ನೆರೆಯಿತು. ಜೋಡಿ ಜೋಡಿಯಾಗಿ ಬಂದು ನಿಂತರು, ಪಡುವಣದವರೆಲ್ಲ ಗೆದ್ದರು, ಮೂಡಣದವರೆಲ್ಲ ಸೋತರು. ನಾವು ಹೇಳಲಿಲ್ಲ, ಹೂವು ಹೇಳಿತು. ಅತ್ತೆ ಗೆದ್ದಳು, ಸೊಸೆ ಸೋತಳು. ನಾವು ಹೇಳಲಿಲ್ಲ, ಹೂವು ಹೇಳಿತು. ಕೊನೆಗೆ ಬಾವಿಯ ದೂರು. ಪಕ್ಕದವನು ಹಾರಿ ಬಂದು ಪಡುವಣದಲ್ಲಿ ನಿಂತ. ನಿಧಾನಯ್ಯ ಎಲ್ಲರಿಗೂ ದಾರಿ ಬಿಟ್ಟುಕೊಡುತ್ತಾ ಬಂದು ಮೂಡಣದಲ್ಲಿ ನಿಂತ. ಏನೋ ಹೇಳುವವನಂತೆ ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಕುಂಡದಮ್ಮ ಕಟ್ಟೆ ಹತ್ತಿದ್ದಳು.

"ಊರೋರೆಲ್ಲ ಕೇಳ್ರಪ್ಪಾ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದೆ. ಈ ಗಿಡ ನ್ಯಾಯ ಹೇಳಲ್ಲ! ಇದಕ್ಕೆ ಹೂ ಬಿಡೋದು ಪಡುವಣದ ಮಗ್ಗುಲು ಒಂದೇ. ಯಾರು ನಿಂತ್ರೂ ಅಷ್ಟೇ. ಒಂದು ಸಲಾನೂ ಮೂಡಣಕ್ಕೆ ಬಿಟ್ಟಿಲ್ಲ, ಬಿಡೋದೂ ಇಲ್ಲ!"

ಆಕಾಶ ಕಳಚಿ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಳು. ಆಕಾಶ ಬೀಳಲಿಲ್ಲ. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈಗಷ್ಟೇ ಸೋತ ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಅಲ್ಲಮ್ಮಾ," ಅಂದ ದೂರುಗಳ ಲೆಕ್ಕ ಇಡುವ ಕಟ್ಟೆಯ ಹಿರಿಯ, ಕಣ್ಣೊರೆಸಿಕೊಳ್ಳುತ್ತಾ, "ಮತ್ತೆ ನಾವೆಲ್ಲ ದಿನಾ ಬೆಳಿಗ್ಗೆ ಎದ್ದು ಯಾಕೆ ಓಡ್ತೀವಿ ಅಂದ್ಕೊಂಡಿದ್ದೆ? ಕಾಲು ತುರಿಸುತ್ತೆ ಅಂತಲಾ?"

"ಗೊತ್ತಿತ್ತಾ ನಿಮಗೆ?"

"ತೊಟ್ಟಿಲ ಕೂಸಿಗೂ ಗೊತ್ತು."

"ಗೊತ್ತಿದ್ದೂ ಇದರ ಮಾತು ಕೇಳ್ತೀರಾ?"

ಹಿರಿಯನ ನಗು ನಿಂತಿತು. ಧ್ವನಿ ತಗ್ಗಿಸಿ ಹೇಳಿದ: "ನೀನೇ ಹೇಳು, ಪಕ್ಕದ ಮನೆಯವನ ಮುಖ ನೋಡ್ಕೊಂಡು 'ತಪ್ಪು ನಿಂದು' ಅನ್ನೋಕೆ ನಮ್ಮಲ್ಲಿ ಯಾರಿಗೆ ಬಾಯಿ ಬರುತ್ತೆ? ನಾಳೆ ಅವನ ಮನೇಲಿ ಹೆಪ್ಪಿಗೆ ಮಜ್ಜಿಗೆ ಕೇಳ್ಬೇಕು, ಅವನ ಮಗಳನ್ನ ನಮ್ಮನೆಗೆ ತಂದ್ಕೋಬೇಕು. ಕಳ್ಳಿ ಹೇಳಿದ್ರೆ ಯಾರಿಗೂ ಮುಲಾಜಿಲ್ಲ. ನಾವು ಬದುಕಿರೋದು ಇದರಿಂದ್ಲೇ ತಾಯೀ. ಇಳಿ ಕೆಳಗೆ, ಹೂವು ಹೇಳಿ ಆಯ್ತು."

ಕುಂಡದಮ್ಮನಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಯಿತು. ಯಾರಿಗೂ ಹೇಳಬಾರದೆಂದು ತಾನು ನಿದ್ದೆಗೆಟ್ಟು ಕಾದ ಗುಟ್ಟು ಬೀದಿಯ ನಾಯಿಗೂ ಗೊತ್ತಿತ್ತು! ಅವಳು ಸೆರಗು ಸಿಕ್ಕಿಸಿಕೊಂಡಳು. ಎರಡೂ ತೋಳಿನಲ್ಲಿ ಕುಂಡವನ್ನು ತಬ್ಬಿ, ಅಂಚಿನ ಮೇಲೆ ಓಲಾಡಿಸುತ್ತಾ ಓಲಾಡಿಸುತ್ತಾ, ಮುಳ್ಳು ಕೆನ್ನೆಗೂ ಕೊರಳಿಗೂ ಚುಚ್ಚುತ್ತಿದ್ದರೂ ಬಿಡದೆ, ಪಡುವಣದ ಮಗ್ಗುಲನ್ನು ಮೂಡಣಕ್ಕೆ ತಂದು ನಿಲ್ಲಿಸಿದಳು. ಬೆಚ್ಚಿ ಹಾರಿಹೋಗಿದ್ದ ಸೂರಕ್ಕಿಗಳು ಒಂದು ಸುತ್ತು ಹೊಡೆದು ಬಂದು ಹೂವಿಗೆ ಮತ್ತೆ ಕೊಕ್ಕಿಟ್ಟವು. ಬಿಳಿ ಗಡ್ಡ, ಅದರ ತುಂಬ ಹೂವು, ಈಗ ನಿಧಾನಯ್ಯನನ್ನೇ ನೋಡುತ್ತಿತ್ತು. ನಿಧಾನಯ್ಯ ಬಾಯಿ ತೆರೆದಿದ್ದ. ತೆರೆದೇ ಇದ್ದ.

ಹಿರಿಯ ಹೂವನ್ನು ನೋಡಿದ, ಕುಂಡವನ್ನು ನೋಡಿದ, ರಕ್ತ ಒಸರುತ್ತಿದ್ದ ಅವಳ ಕೆನ್ನೆಯನ್ನು ನೋಡಿದ.

"ಹೂವು ಯಾರ ಕಡೆಗಿದೆಯೋ ಸತ್ಯ ಅವರದು," ಅಂದ ಕೊನೆಗೆ. "ಕಟ್ಟಳೆ ಇರೋದು ಇಷ್ಟೇ. ಕುಂಡ ಮುಟ್ಟಲ್ಲ ಅಂದಿದ್ದು ಅವಳ ಆಣೆ. ಆಣೆ ಮುರಿದ್ಲು ಅಂತ ಯಾರಾದ್ರೂ ದೂರು ಕೊಟ್ರೆ ಮುಂದಿನ ಚಳಿಗಾಲಕ್ಕೆ ವಿಚಾರಿಸೋಣ. ಕೊಡೋರು ಯಾರು?"

ಒಬ್ಬರೂ ಓಡಲಿಲ್ಲ. ಮುಂದಿನ ಚಳಿಗಾಲಕ್ಕೆ ಕುಂಡ ಯಾರ ತೋಳಿನಲ್ಲಿರುತ್ತದೆ ಎಂದು ಎಲ್ಲರೂ ಆಗಲೇ ಲೆಕ್ಕ ಹಾಕಿದ್ದರು. "ನಾವು ಹೇಳಲಿಲ್ಲ, ಹೂವು ಹೇಳಿತು" ಎಂದು ಮೂರು ಸಲ ಹೇಳಿ ಬೆಲ್ಲ ಹಂಚಿದರು.

ಪಕ್ಕದ ಮನೆಯವನು ಹೊತ್ತು ಇಳಿಯುವುದರೊಳಗೆ ಗಂಟುಮೂಟೆ ಕಟ್ಟಿಕೊಂಡು, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ಕರುವಾಗಿದ್ದಾಗ ತಾನು ಗೆದ್ದಿದ್ದ ಹಸುವನ್ನು ಹಿಂದೆ ಎಳೆದುಕೊಂಡು ಹೊಳೆಯ ಕಡೆ ನಡೆದ. ಕುಂಡದಮ್ಮನ ಮುಂದೆ ಬಂದಾಗ ನಿಂತ. ಬೈಯುತ್ತಾನೆಂದು ಅವಳು ಸಿದ್ಧವಾಗಿದ್ದಳು. "ಇಷ್ಟು ವರ್ಷ ಓಡಿ ಓಡಿ ಸತ್ತೆ ಕಣಕ್ಕಾ," ಅಂದ, "ಕುಂಡ ತಿರುಗ್ಸಬೋದು ಅಂತ ನನಗೆ ಹೊಳೀಲೇ ಇಲ್ಲ ನೋಡು." ಹಾಗೆಂದು ಹೋದ. ಅವಳಿಗೆ ಗೆದ್ದ ಖುಷಿಯಲ್ಲಿ ಹಾಡೊಂದು ಬಾಯಿಗೆ ಬಂತು.

ಮನೆಯಲ್ಲಿ ಮುದ್ದೆ ಮಾಡಿ, ಸೊಪ್ಪಿನ ಸಾರು ಬಿಟ್ಟು, ಗಂಡನ ಮುಂದಿಟ್ಟಳು. ನಿಧಾನಯ್ಯ ಮುದ್ದೆ ಮುರಿಯಲಿಲ್ಲ.

"ಬಾವಿಗೆ ಕಲ್ಲು ಹಾಕಿದ್ದು ನಾನೇ ಕಣೇ," ಅಂದ.

ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಹಾಕ್ತಾನೆ ಅಂತ ಅವನು ಕೂಗಿದ್ನಲ್ಲ, ಅಲ್ಲಿವರೆಗೂ ನನಗೆ ಹೊಳೆದಿರಲಿಲ್ಲ. ಆಮೇಲೆ ದಿನಾ ಅದೇ ಯೋಚನೆ. ನಮ್ಮಪ್ಪ ತೋಡಿದ ಬಾವಿ. ಅವನೂ ಕುಡೀಲಿಲ್ಲ, ಇನ್ನೊಬ್ಬರಿಗೂ ಕುಡಿಸ್ಲಿಲ್ಲ. ಹಾಕಿದ್ರೂ ಹೊಳೆ ದಾಟ್ಬೇಕು, ಹಾಕದಿದ್ರೂ ದಾಟ್ಬೇಕು. ಒಂದು ದಿನ ಹಲಗೆ ಸರಿಸಿ ಒಂದು ಕಲ್ಲು ಬಿಟ್ಟೆ. ಡುಳುಕ್ ಅಂತು. ಮನಸ್ಸಿಗೆ ಹಾಯ್ ಅನ್ನಿಸ್ತು. ಮಾರನೇ ದಿನ ಇನ್ನೊಂದು ಬಿಟ್ಟೆ. ಹಂಗೇ ತುಂಬೋಯ್ತು."

"ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕಟ್ಟೆ ಹತ್ರ ಆದ್ರೂ ಬಾಯಿ ಬಿಡಬಾರದಿತ್ತಾ?"

"ಬಿಟ್ಟೆ. ಅಷ್ಟರಲ್ಲಿ ನೀನು ಕುಂಡ ತಬ್ಬಿಕೊಂಡಿದ್ದೆ."

ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ನುಡಿದ ಪಕ್ಕದವನು ಅದಕ್ಕಾಗಿಯೇ ಊರು ಬಿಟ್ಟಿದ್ದ. ಅವನಿಂದ ಊರು ಬಿಡಿಸಿದವಳು ತಾನು. ಕುಂಡದಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೀರು ತಾಕಿ ಕೆನ್ನೆಯ ಮುಳ್ಳುಗಾಯ ಉರಿಯಿತು. ನಿಧಾನಯ್ಯ ಅವಳ ಬೆನ್ನು ಸವರುತ್ತಾ ಕೂತ.

ಬೆಳಗಾದ ಮೇಲೆ ಅವನು ಕಟ್ಟೆಯ ಹಿರಿಯನ ಹತ್ತಿರ ಹೋದ. ತಪ್ಪು ನನ್ನದು, ಹೊಳೆ ದಾಟಬೇಕಾದವನು ನಾನು, ಅವನನ್ನು ವಾಪಸು ಕರೆಸಿ ಅಂದ. ಹಿರಿಯ ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ತೆಗೆದು ಉಗುಳಿ, ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹೂವೇ ನಿನ್ನನ್ನ ಸತ್ಯವಂತ ಅಂತ ಹೇಳಿದ ಮೇಲೆ, ಅಲ್ಲ ಅನ್ನೋಕೆ ನೀನ್ಯಾರಯ್ಯಾ? ಹೋಗು ಹೋಗು, ಊರಿನ ಮರ್ಯಾದೆ ತೆಗೀಬೇಡ."

ನಿಧಾನಯ್ಯ ಮನೆಗೆ ಬಂದು ಕಂಬಳಿ ಹೆಗಲಿಗೆ ಹಾಕಿಕೊಂಡ. "ಅವನನ್ನ ಹುಡುಕಿ ಕರ್ಕೊಂಡು ಬರ್ತೀನಿ. ಇವರು ಸೇರಿಸದಿದ್ರೆ ಅವನ ಪಕ್ಕದಲ್ಲೇ ಒಂದು ಗುಡಿಸಲು ಹಾಕ್ಕೊಳ್ಳೋದು. ನೀನೂ ಬಾ."

"ಬರ್ದೆ ಇರ್ತೀನಾ," ಅಂದಳು ಅವಳು. ಮನಸ್ಸಿನಿಂದಲೇ ಅಂದಳು. ಎರಡು ಸೀರೆ, ಒಂದು ಚೊಂಬು ಗಂಟು ಕಟ್ಟಿದಳು. ಆದರೆ ಹೂ ಹೊತ್ತ ಗಿಡ, ನೀರು ತಪ್ಪಿಸುವ ಹಾಗಿಲ್ಲ. "ನೀವು ಹೋಗ್ತಾ ಇರಿ. ನಿಮ್ಮ ನಡಿಗೆ ನನಗೆ ಗೊತ್ತಿಲ್ವಾ? ಗಿಡಕ್ಕೆ ಒಂದು ಚೊಂಬು ಬಿಸಿನೀರು ಹಾಕಿ ಬಂದು ಹಿಡ್ಕೋತೀನಿ."

ಅವನು ಹೊರಟ. ಅವಳು ನೀರು ಬೆಚ್ಚಗೆ ಮಾಡಿಕೊಂಡು ಬಾಗಿಲು ತೆಗೆದರೆ ಜಗಲಿಯ ತುಂಬ ಜನ. ಒಬ್ಬರ ಕೈಯಲ್ಲಿ ತುಪ್ಪದ ಗಿಂಡಿ, ಇನ್ನೊಬ್ಬರ ಕೈಯಲ್ಲಿ ಹೊಸ ಕುಪ್ಪಸದ ಕಣ. ನಿನ್ನೆ ಸೋತ ಸೊಸೆ ಮುಂದೆ ಬಂದು ಅವಳ ಕಾಲು ಮುಟ್ಟಿದಳು.

"ಅಮ್ಮಾ, ಮುಂದಿನ ಚಳಿಗೆ ಕುಂಡ ಸ್ವಲ್ಪ ಈ ಕಡೆ..."

ಎದ್ದು ಹೋಗಿ ಎಂದು ಗದರಬೇಕೆಂದು ಕುಂಡದಮ್ಮ ಬಾಯಿ ತೆರೆದಳು. ಎಳೇ ಹುಡುಗಿ, ಕಣ್ಣು ಊದಿಕೊಂಡಿತ್ತು. ಇದೊಂದನ್ನು ಕೇಳಿಬಿಡೋಣ ಅನ್ನಿಸಿತು. "ಏನಾಯ್ತು, ಹೇಳು," ಎಂದು ಚೊಂಬು ಕೆಳಗಿಟ್ಟು ಕೂತಳು. ಸೊಸೆಯ ಹಿಂದೆ ಅತ್ತೆ ನಿಂತಿದ್ದಳು, ಅತ್ತೆಯ ಹಿಂದೆ ಆಡು ಕೊಂಡವನು. ಒಬ್ಬರ ಮಾತು ಮುಗಿಯುವಾಗ ಇನ್ನೊಬ್ಬರು ಶುರುಮಾಡುತ್ತಿದ್ದರು. ನೀರು ಆರಿಹೋಯಿತೆಂದು ಅವಳು ಎದ್ದು ಮತ್ತೆ ಒಲೆಯ ಮೇಲಿಟ್ಟಳು.

ಆಮೇಲೆ ಎಷ್ಟು ಚಳಿಗಾಲ ಕಳೆಯಿತೋ ಕಥೆ ಹೇಳುವವರಿಗೂ ನೆನಪಿಲ್ಲ. ಆ ಊರಿನಲ್ಲಿ ಈಗ ಯಾರೂ ಕಟ್ಟೆಗೆ ಓಡುವುದಿಲ್ಲ, ಕುಂಡದಮ್ಮನ ಜಗಲಿಯಲ್ಲಿ ತಾಳ್ಮೆಯಿಂದ ಸರದಿ ಕಾಯುತ್ತಾರೆ. ಅವತ್ತು ಕಟ್ಟಿದ ಗಂಟು ಬಾಗಿಲ ಪಕ್ಕದಲ್ಲೇ ಇದೆ. ಹೊಸಬರು ಯಾರಾದರೂ ಅದೇನೆಂದು ಕೇಳಿದರೆ ಅವಳು ತುಪ್ಪದ ಗಿಂಡಿಯನ್ನು ಒಳಗಿಡುತ್ತಾ ಹೇಳುತ್ತಾಳೆ:

"ಹೊರಟೆ ಕಣಪ್ಪಾ, ಇವರದೊಂದು ಮುಗಿದ್ರೆ ಹೊರಟೆ. ನಮ್ಮೆಜಮಾನ್ರು ಇನ್ನೂ ಹೊಳೆ ಹತ್ರಾನೂ ಹೋಗಿರಲ್ಲ. ಬಲು ನಿಧಾನ ಅವರು."